ಖಾತುನಬಿಯ ಕಾಲ್ಬೆರಳು

೨೦೦೭ರ ಒಂದು ಮುಂಜಾನೆ ಗಜೇಂದ್ರಗಡದ ದವಾಖಾನೆಗೆ ಹೋಗಿದ್ದೆ. ಸಕ್ಕರೆ ಕಾಯಿಲೆಯಿಂದ ತೀರಿಕೊಂಡ ನನ್ನ ಮನೆಯವಳು ಬಳಸದೆ ಉಳಿಸಿಹೋದ ಇನ್ಸುಲಿನ್ ಸೂಜಿಗಳನ್ನು ಯಾರಾದರೂ ಬಡವರಿಗೆ ಕೊಡಬೇಕಿತ್ತು. ಪಕ್ಕದ ಬೆಂಚಿನ ಮೇಲೆ, ನಮ್ಮ ಓಣಿಯಲ್ಲಿ ಸೀರೆ ನೇಯುವ ಖಾತುನಬಿ ಮತ್ತು ಪುಣೆಯಲ್ಲಿ ಸಂಶೋಧನೆ ಮಾಡುವ ಅವರ ಮೊಮ್ಮಗಳು ಅಫ್ರೀನ ಕುಳಿತಿದ್ದರು. ಅದೇ ಕಾಯಿಲೆಯಿಂದ ಅಜ್ಜಿಯ ಕಾಲ್ಬೆರಳು ಕೊಳೆತಿತ್ತು; ಅಂದು ಅದನ್ನು ತೆಗೆಯುವವರಿದ್ದರು.

"ತಗದ ಬೆರಳ ಕಬರಸ್ತಾನದಾಗ ಹೂಳಬೇಕು. ನಿಮ್ಮ ಮಾಮಾಗ ಹೇಳೀನಿ," ಎಂದರು ಅಜ್ಜಿ.

"ಹೂಳೋಣು ನಾನಿ. ಉಗುರಿನಷ್ಟ ತೊಗಲ ನಮ್ಮ ಲ್ಯಾಬಿಗೆ ಕೊಡು."

"ಸತ್ತ ತೊಗಲಾ?"

"ಅಂಚಿನ್ಯಾಗ ಇನ್ನೂ ಜೀವ ಐತಿ. ಅದರ ಜೀವಕೋಶ ತಗದು ಸಣ್ಣ ಜಾಳಗಿ ಮ್ಯಾಲ ಬೆಳಸತೀವಿ. ಹೊಸಾ ತೊಗಲ ಆಗತೈತಿ."

"ಮಗ್ಗದಾಗ ಹಾಸು ಬಿಗದು ಹೊಕ್ಕು ನೇಯ್ದಂಗ?"

"ಹಂಗ ನೋಡು! ಅದಕ್ಕ ಗಾಯ ಮಾಡಿ, ಸಕ್ಕರಿ ಹಾಕಿ, ಆ ಗಾಯ ಯಾಕ ಮಾಯವಲ್ದು ಅಂತ ನೋಡತೀವಿ. ಹೊಸಾ ಔಷಧಾನೂ ಮೊದಲ ಅದಕ್ಕ ಹಚ್ಚತೀವಿ."

"ಅದರಿಂದ ನನ್ನ ಬೆರಳ ಉಳೀತೈತೇನು?"

"ಇಲ್ಲ ನಾನಿ. ನಿನಗಲ್ಲ, ಮುಂದಿನವರಿಗೆ."

ಅಜ್ಜಿ ಬಗ್ಗಿ, ಬಟ್ಟೆ ಸುತ್ತಿದ ಕಾಲನ್ನೊಮ್ಮೆ ಸವರಿದರು.

"ಅರವತ್ತು ವರ್ಷ ಮಗ್ಗ ತುಳದ ಬೆರಳದು, ಕುಂತು ಉಂಡಿದ್ದಲ್ಲ. ಇನ್ನೂ ದುಡೀಲಿ, ಒಯ್ಯಿ. ಉಳಿದದ್ದು ಮಾತ್ರ ಮಣ್ಣಿಗೆ. ನನಕಿಂತ ಮೊದಲ ಹೋಗಿ ಜಾಗಾ ಹಿಡೀಲಿ."

ಒಳಗಿನಿಂದ ಕರೆ ಬಂತು. ಮೊಮ್ಮಗಳ ಹೆಗಲು ಹಿಡಿದು ಎದ್ದ ಅಜ್ಜಿ ಬಾಗಿಲಲ್ಲಿ ನಿಂತರು.

"ಗಾಯ ಮಾಡತೀವಿ ಅಂದೆಲ್ಲ, ಆ ತೊಗಲಿಗೆ ನೋವ ಆಗತೈತೇನು?"

"ಆಗೂದಿಲ್ಲ ನಾನಿ."

"ಹಂಗಾದ್ರ ಚಲೋ ಆತು."

ಇಬ್ಬರೂ ಒಳಗೆ ಹೋದರು. ನಾನು ಎದ್ದು ನಿಂತು, ಮುಚ್ಚಿದ ಆ ಬಾಗಿಲಿಗೆ ಕೈಮುಗಿದೆ.