ಮೊದಲಿಂದ ಊದು ಅಂದ ಭರಮಪ್ಪ

ಕೇಳ್ರಪಾ ಕೇಳ್ರಿ! ಹಿಂದ ಕುಂತವರು ಮುಂದ ಬರ್ರಿ, ಮುಂದ ಕುಂತವರು ಬಾಯಿ ಮುಚ್ಚರಿ. ಒಂದಾನೊಂದು ಕಾಲಕ್ಕ ಒಂದು ಊರಿತ್ತು. ಆ ಊರ ಹೆಸರು ನಮ್ಮಜ್ಜಗ ಗೊತ್ತಿರಲಿಲ್ಲ, ನನಗೆಲ್ಲಿಂದ ಗೊತ್ತಿರಬೇಕು?

ಆ ಊರಾಗ ಭರಮಪ್ಪ ಅಂತ ಒಬ್ಬ ಸನಾದಿ ಊದಾಂವ. ಯಾರ ಮನ್ಯಾಗ ಮದುವಿ ಆಗಿ ಅಕ್ಕಿಕಾಳು ಬೀಳಬೇಕಂದ್ರೂ ಅವನ ಸನಾದಿ ಬೇಕು. ಮುಂದೇನಾತು? ಭರಮಪ್ಪಗ ಉಬ್ಬಸ ಹತ್ತಿತು. ಒಂದೀಟು ಊದಿದರ ಒಂದು ರಾಶಿ ಕೆಮ್ಮು. ಗೌಡರ ಮಗಳ ಮದುವಿ ಬ್ಯಾರೆ ಬಂತು. ಗೌಡರು ಮೀಸಿ ತಿರುವಿ ಹೇಳಿದರು: "ಭರಮ್ಯಾ, ನಿನ್ನ ಮಗಳು ದ್ಯಾಮವ್ವ ಊದಲಿ. ತಾಳಿ ಕಟ್ಟೂ ಹೊತ್ತಿಗೆ ತಪ್ಪಿದಳೋ, ಇನ್ನ ಮ್ಯಾಲೆ ಈ ಊರ ಮದುವಿಗೆಲ್ಲಾ ಪರವೂರ ಸನಾದಿ ಮ್ಯಾಳನ ಬರತೈತಿ. ತಿಳೀತಿಲ್ಲೋ?"

ತಿಳೀದ ಏನು? ಹೊಟ್ಟಿ ಮ್ಯಾಲ ಹೊಡಿಯೂ ಮಾತು!

ಅವತ್ತಿಂದ ಭರಮಪ್ಪ ಮಗಳ ಮುಂದ ಚಕ್ಕಳಮಕ್ಕಳ ಹಾಕಿ ಕುಂತ. "ಹಾಡತ ಹಾಡತ ರಾಗ ಅಂತಾರ. ಊದು!"

ದ್ಯಾಮವ್ವ ಸಣ್ಣ ಹುಡುಗಿ, ಉಸುರು ಮಾತ್ರ ಕಮ್ಮಾರನ ತಿದಿ. ಊದಿದಳು. ಶುರು ಚಂದ, ಏರು ಚಂದ, ಇನ್ನೇನು ಇಳೀಬೇಕು, "ಕೀಂಯ್!" ಭರಮಪ್ಪ ತೊಡಿ ಬಡದ: "ತಪ್ಪಿತು! ಮತ್ತ ಮೊದಲಿಂದ!"

ಬೆಲ್ಲ ಕೊಟ್ಟು ಊದಿಸಿದ. ಶುರು ಚಂದ, ಏರು ಚಂದ, "ಕೀಂಯ್!" "ಮತ್ತ ಮೊದಲಿಂದ!"

ಬೈದು ಊದಿಸಿದ. "ಕೀಂಯ್!" "ಮತ್ತ ಮೊದಲಿಂದ!"

ಕೈಮುಗದು ಊದಿಸಿದ. ಏನಂತು? ನೀವ ಹೇಳ್ರಿ. ಹೂಂ, ಅದ! ಪಾಪ, ಹುಡುಗಿ ಸನಾದಿ ಕಂಡ್ರ ಅಳಾಕ ಹತ್ತಿದಳು.

ಊರೇನು ಕಿವುಡೇನ್ರಿ? ಕೇಳಿ ಕೇಳಿ ಊರಿಗೆಲ್ಲಾ ಬಾಯಿಪಾಠ ಆತು. ಗಾಣದ ಸಂಗಪ್ಪ ಎತ್ತು ಹೊಡಕೊಂತ ಗುನುಗತಾನ, ಇಳಿಯೂ ಹೊತ್ತಿಗೆ "ಕೀಂಯ್". ನೀರು ಸೇದೂ ಹೆಣ್ಣಮಕ್ಕಳು, "ಕೀಂಯ್". ತೊಟ್ಟಿಲಾ ತೂಗೂ ಮುದುಕಿ, "ಕೀಂಯ್". ಅದನ್ನ ಕೇಳಿ ಕೂಸು ಮಲಗಬೇಕು!

ಮದುವಿ ಸಮೀಪ ಬಂತು. ಭರಮಪ್ಪನ ಪಿತ್ತ ನೆತ್ತಿಗೇರಿತು. "ತಾ ಇಲ್ಲೆ! ನಿಮ್ಮಪ್ಪ ಹೆಂಗ ಊದತಾನ ನೋಡು" ಅಂತ ಸನಾದಿ ಕಸಗೊಂಡ. ಶುರು ಚಂದ, ಏರು ಚಂದ...

"ಕೀಂಯ್!"

ಜೀವಮಾನ ಊದಿದ ಬಾಯಿ! ದ್ಯಾಮವ್ವ ಅಳೂದು ಬಿಟ್ಟು ತೊಡಿ ಬಡದಳು: "ಅಪ್ಪಾ, ತಪ್ಪಿತು! ಮತ್ತ ಮೊದಲಿಂದ!"

ಹೆಂಡತಿ ಯಮನವ್ವ ಅಲ್ಲೇ ಹಳೀ ಅರಿವಿ ಕೂಡಿಸಿ ಕೌದಿ ಹೊಲಿಯಾಕತ್ತಿದ್ದಳು. ನಕ್ಕು ನಕ್ಕು ಬೆರಳಿಗೆ ಸೂಜಿ ಚುಚ್ಚಿಗೊಂಡಳು. "ಅಲ್ರೀ, ಹಾಡತ ಹಾಡತ ರಾಗ ಅಂದವರು ನರಳತ ನರಳತ ರೋಗ ಅಂತನೂ ಅಂದಾರಲ್ಲ? ತಪ್ಪನ್ನ ದಿನಾ ಊದಿಸಿ ತಪ್ಪನ್ನ ಗಟ್ಟಿ ಮಾಡೀರಿ. ಆಕೀನೂ ಕಲತಳು, ನೀವೂ ಕಲತ್ರಿ! ಕೌದಿ ನಡುವ ಹರದರ ಹರದಲ್ಲೇ ತ್ಯಾಪಿ ಹಾಕತಾರ, ಅಂಚಿನಿಂದ ಮತ್ತ ಹೊಲಕೊಂತ ಬರತಾರೇನು?"

ಭರಮಪ್ಪಗ ನಾಚಿಕಿ ಆತು. ಸನಾದಿ ಮಗಳ ಕೈಗೆ ತಿರುಗಿ ಕೊಟ್ಟ. "ಬಾ ಯವ್ವಾ. ಬರೇ ಆ ಇಳಿಯೂ ತುಣುಕು ಊದು. ಸಾವಕಾಶ."

ಊದಿದಳು. ತಪ್ಪಲಿಲ್ಲ. ಇನ್ನೊಮ್ಮೆ. ತಪ್ಪಲಿಲ್ಲ. ಮತ್ತೊಮ್ಮೆ. ತಪ್ಪಲಿಲ್ಲ! "ಇವತ್ತಿಗೆ ಸಾಕು, ಆಡಾಕ ಹೋಗು" ಅಂದ. ಹುಡುಗಿ ನಂಬಲೇ ಇಲ್ಲ. ಮರುದಿನ ಆ ತುಣುಕಿಗೆ ಹಿಂದಿಂದೊಂದು ಚೂರು ಜೋಡಿಸಿದ, ಆಮ್ಯಾಲೆ ಮುಂದಿಂದೊಂದು ಚೂರು. ಜೋಡಿಸಿಕೊಂತ ಜೋಡಿಸಿಕೊಂತ ಪೂರಾ ಕೂಡಿತು.

ಮದುವಿ ದಿನ ಹಂದರ ತುಂಬ ಮಂದಿ. ಮದುಮಗ ತಾಳಿ ಎತ್ತಿದ. ದ್ಯಾಮವ್ವ ಊದಿದಳು. ಶುರು ಚಂದ, ಏರು ಚಂದ... ಭರಮಪ್ಪ ಕಣ್ಣು ಮುಚ್ಚಿದ.

"ಕೀಂಯ್!"

ಅಯ್ಯಯ್ಯೋ ಅನಬ್ಯಾಡ್ರಿ, ತಡೀರಿ! ಅಂದದ್ದು ಸನಾದಿ ಅಲ್ಲ, ಹಂದರ! ಗುನುಗಕೊಂತ ಕುಂತ ಮಂದಿಯೆಲ್ಲಾ ರೂಢಿಗೆ ಬಿದ್ದು ಒಂದ ಬಾಯಿಲೆ ಕೀಂಯ್ ಅಂದಿದ್ದರು. ಎಲ್ಲಾರಕಿಂತ ಜೋರು ಗೌಡರು! ಸನಾದಿ ಮಾತ್ರ ಬೆಣ್ಣಿಯಂಗ ಇಳದು ಹೋತು. ತಾಳಿ ಕಟ್ಟಿದ್ದಾತು, ಅಕ್ಕಿಕಾಳು ಬಿದ್ದವು.

ತಪ್ಪಿದವರು ತಾವು, ಬೈಯೂದು ಯಾರಿಗೆ? ಗೌಡರು ಮೀಸಿ ಒರಸಿಕೊಂಡು, "ಭರಮಪ್ಪಾ, ಊರ ಮದುವಿ ಊದೂದು ನಿಮ್ಮ ಮನಿದ" ಅಂದರು. ಭರಮ್ಯಾ ಹೋಗಿ ಭರಮಪ್ಪಾ ಆತು, ನೋಡಿದ್ರಿಲ್ಲೋ?

ಮರುದಿನ ಮುಂಜಾನೆ ಬಾಗಲದಾಗ ಯಾರು? ಗೌಡರು! "ಯವ್ವಾ ದ್ಯಾಮವ್ವಾ, ಬಾಯಿ ತಗದರ ಕೀಂಯ್ ಅಂತೈತಿ. ಗೌಡತಿ ಮನಿಯಿಂದ ಹೊರಗ ಹಾಕ್ಯಾಳ. ಇದನ್ನ ಬಿಡಸು ನಮ್ಮವ್ವಾ."

ದ್ಯಾಮವ್ವ ಚಾಪಿ ಹಾಸಿದಳು. "ಕುಂದರ್ರಿ ಗೌಡ್ರ. ಬರೇ ಆ ತುಣುಕು ಅನ್ನರಿ. ಸಾವಕಾಶ. ತಪ್ಪಿದರ ಅಳಬಾರದು ಮತ್ತ!"

ಆಕಿ ಕಲಿಸಿದಳು, ಅವರು ಕಲತರು. ನಾ ಹೇಳಿದೆ, ನೀವು ಕೇಳಿದ್ರಿ. ಗಂಟಲಾ ಒಣಗೇತಿ, ಯಾರರ ಒಂದು ತಂಬಿಗಿ ನೀರು ತರ್ರಪಾ!