ಪ್ರೇಮಾವತಿಯವರನ್ನು ನಾವು ಕೇಳಿರಲಿಲ್ಲ

2025 ಜೂನ್ 3, ಮಂಗಳವಾರ. ನಾಯ್ಮಾರ್ಮೂಲೆಯ ಜೊತೆಮನೆ ಎಂಬ ತಂಗುಮನೆಯಿಂದ ನಿನ್ನೆ ಸೋಮವಾರ ಬೆಳಿಗ್ಗೆ ಆರು ವರ್ಷದ ಅಮೂಲ್ಯಾ ಎಂಬ ಮಗುವನ್ನು ಹೆತ್ತವರಿಗೆ ತಿಳಿಸದೆ ಹೊರಗೆ ಕರೆದೊಯ್ದರೆಂಬ ದೂರಿನ ವಿಷಯದಲ್ಲಿ ಸಾಕ್ಷಿಯ ಹೇಳಿಕೆ.

ಹೆಸರು: ಈಶ್ವರಿ, ಗಂಡ ದಿವಂಗತ ವೆಂಕಟಕೃಷ್ಣ
ಪ್ರಾಯ: 61 ವರ್ಷ
ಉದ್ಯೋಗ: ಅಂಚೆ ಇಲಾಖೆಯಿಂದ ನಿವೃತ್ತಿ; ಈಗ ಜೊತೆಮನೆಯ ಮೇಲ್ವಿಚಾರಕಿ
ವಾಸ: ಜೊತೆಮನೆ, ನಾಯ್ಮಾರ್ಮೂಲೆ, ಕಾಸರಗೋಡು ತಾಲೂಕು

ಮೇಲೆ ಹೇಳಿದ ನಾನು ಕಣ್ಣಾರೆ ಕಂಡದ್ದನ್ನೂ ಕಿವಿಯಾರೆ ಕೇಳಿದ್ದನ್ನೂ ಈ ಮೂಲಕ ತಿಳಿಸುವುದು ಹೀಗಿದೆ.

ಠಾಣೆಯ ರೈಟರ್ ನನ್ನ ಹೇಳಿಕೆಯನ್ನು ಮಲಯಾಳದಲ್ಲಿ ಬರೆದುಕೊಳ್ಳುವುದಾಗಿ ಹೇಳಿದರು. ನನಗೆ ಮಲಯಾಳ ಮಾತನಾಡಲು ಬರುತ್ತದೆ, ಓದುವಾಗ ತಡವರಿಸುತ್ತೇನೆ. ಪೂರ್ತಿ ಓದಲಾಗದ ಕಾಗದಕ್ಕೆ ಸಹಿ ಹಾಕಲು ಮನಸ್ಸಾಗದ ಕಾರಣ, ಅಧಿಕಾರಿಗಳ ಒಪ್ಪಿಗೆಯಿಂದ ನಾನೇ ಕನ್ನಡದಲ್ಲಿ ಬರೆದುಕೊಟ್ಟಿದ್ದೇನೆ. ಇತರರು ಆಡಿದ ಮಾತನ್ನು ನೆನಪಿರುವಷ್ಟು ಮಟ್ಟಿಗೆ ಅವರಾಡಿದಂತೆಯೇ ಬರೆದಿದ್ದೇನೆ.

ಜೊತೆಮನೆ ಒಂದು ಸೇವಾ ಟ್ರಸ್ಟಿಗೆ ಸೇರಿದ್ದು. ಹತ್ತಿರದ ಮಕ್ಕಳ ಆಸ್ಪತ್ರೆಯಲ್ಲಿ ದಾಖಲಾದ ಮಕ್ಕಳ ತಂದೆತಾಯಿಯರು ಇಲ್ಲಿ ಉಚಿತವಾಗಿ ತಂಗುತ್ತಾರೆ. ಎಂಟು ಕೋಣೆ, ಒಂದೇ ಅಡುಗೆಮನೆ. ಅಡುಗೆಗೆ ಭುಜಂಗ ಎಂಬವರಿದ್ದಾರೆ. ಊರಿಗೆ ಹೋಗಿ ಬರುತ್ತೇನೆಂದು ಹೇಳಿ ಹೋದವರ ಮಂಚವನ್ನು ಕೆಲವು ದಿನ ಬೇರೆಯವರಿಗೆ ಕೊಡದೆ ಇರಿಸುತ್ತೇವೆ.

ಮನೆಯಲ್ಲಿ ಒಂದು ಕ್ರಮವಿದೆ. ಮಗು ಹೇಗುಂಟು ಎಂದು ಯಾರೂ ಯಾರನ್ನೂ ಕೇಳಬಾರದು. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು. ಊಟ ಆಯಿತಾ ಎಂದು ಕೇಳಬಹುದು. ಈ ಕ್ರಮವನ್ನು ಮಾಡಿದವಳು ನಾನು. ಮೊದಲ ವರ್ಷ ತಂಗಿದ್ದ ಒಬ್ಬ ತಂದೆ, ಒಂದು ಸಂಜೆ ಎದುರಾದ ಪ್ರತಿಯೊಬ್ಬರಿಗೂ ಮಗನ ವಿಷಯವನ್ನು ಮೊದಲಿನಿಂದ ಹೇಳಬೇಕಾಗಿ ಬಂದು, ಮರುದಿನ ಮಂಚ ಬಿಟ್ಟು ಆಸ್ಪತ್ರೆಯ ಜಗಲಿಯಲ್ಲಿ ಹೋಗಿ ಮಲಗಿದರು. ಅಂದಿನಿಂದ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಬಂದವರಿಗೆ ಇದರಿಂದ ನೆಮ್ಮದಿಯಾಗಿದೆ ಎಂದೇ ನಾನು ತಿಳಿದಿದ್ದೆ.

ದೂರಿನಲ್ಲಿ ಹೆಸರಿಸಿರುವ ಪ್ರೇಮಾವತಿಯವರು ಪೈವಳಿಕೆಯವರು, ಪ್ರಾಯ ಸುಮಾರು ಮೂವತ್ತನಾಲ್ಕು. ಗಂಡ ಕೂಸಪ್ಪ ಮರದ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ. ಇವರ ಒಬ್ಬಳೇ ಮಗಳು ಯಶ್ಮಿತಾ ರಕ್ತದ ಕಾಯಿಲೆಯಿಂದ ಮಾರ್ಚ್ ತಿಂಗಳಲ್ಲಿ ಆಸ್ಪತ್ರೆಗೆ ದಾಖಲಾದಾಗ ಪ್ರೇಮಾವತಿ ಜೊತೆಮನೆಗೆ ಬಂದರು. ಮೇ ತಿಂಗಳ ಮೊದಲ ವಾರ ಮಗುವನ್ನು ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಒಯ್ಯಲು ಇಲ್ಲಿಯ ವೈದ್ಯರು ಹೇಳಿದರು. ಆಂಬುಲೆನ್ಸ್ ಹೊರಡುವಾಗ ಪ್ರೇಮಾವತಿ ನನ್ನೊಡನೆ, ಹೋಗಿ ಬರ್ತೇವೆ ಅಕ್ಕ, ಎಂದರು.

ಮೇ 19ರಂದು ಮಧ್ಯಾಹ್ನ ಅವರು ಒಂದು ಬ್ಯಾಗು ಹಿಡಿದುಕೊಂಡು ಒಬ್ಬರೇ ಬಂದರು. ಅಕ್ಕಾ, ಮಂಚ ಉಂಟಾ ಎಂದು ಕೇಳಿದರು. ಉಂಟು ಎಂದೆ. ಮಂಗಳೂರಿಗೆ ಹೋದ ಮಕ್ಕಳು ಮುಂದಿನ ಮದ್ದಿಗೆ ಇಲ್ಲಿಗೇ ಮರಳುವುದು ವಾಡಿಕೆ. ಮಗು ವಾರ್ಡಿನಲ್ಲಿದೆ ಎಂದು ತಿಳಿದು ಐದನೇ ಕೋಣೆಯ ಬೀಗದ ಕೈ ಕೊಟ್ಟೆ. ಊಟ ಆಯಿತಾ ಎಂದು ಕೇಳಿದೆ. ಇಲ್ಲ ಎಂದರು. ಬಡಿಸಿದೆ. ಬೇರೆ ಏನೂ ಕೇಳಲಿಲ್ಲ.

ಆ ಮೇಲೆ ಪ್ರತಿದಿನ ಬೆಳಿಗ್ಗೆ ಎಲ್ಲರಂತೆ ಅವರೂ ಕ್ಯಾರಿಯರಿನಲ್ಲಿ ಗಂಜಿ ತುಂಬಿಸಿ ಆಸ್ಪತ್ರೆಗೆ ಹೋಗುತ್ತಿದ್ದರು. ಅದನ್ನು ವಾರ್ಡಿನಲ್ಲಿ ಮೊಮ್ಮಗನ ಜೊತೆ ಒಬ್ಬರೇ ಕುಳಿತಿದ್ದ ಒಬ್ಬ ಅಜ್ಜಿಗೆ ಕೊಟ್ಟು ಬರುತ್ತಿದ್ದರೆಂದು ನನಗೆ ತಿಳಿದದ್ದು ನಿನ್ನೆ. ಉಳಿದ ಹೊತ್ತು ಅಡುಗೆಮನೆಯಲ್ಲಿ ಇರುತ್ತಿದ್ದರು. ತೆಂಗಿನಕಾಯಿ ತುರಿಯುವುದು, ಪಾತ್ರೆ ತೊಳೆಯುವುದು ಎಲ್ಲ ಅವರೇ. ಸಂಬಳ ನನಗೆ, ಕೆಲಸ ನಿಮಗೆ, ಹೀಗಾದರೆ ಈಶ್ವರಿಯಕ್ಕ ನನ್ನನ್ನು ಓಡಿಸ್ತಾರೆ ಮಾರಾಯ್ರೆ ಎಂದು ಭುಜಂಗ ತಮಾಷೆ ಮಾಡುತ್ತಿದ್ದರು. ಓಡಿಸಿದರೆ ಸಾಂಬಾರಿಗೆ ಸರಿಯಾಗಿ ಉಪ್ಪು ಹಾಕುವವರಾದರೂ ಸಿಕ್ಕಿಯಾರು ಎಂದು ಪ್ರೇಮಾವತಿ ಹೇಳುತ್ತಿದ್ದರು. ನಗುತ್ತಲೂ ಇದ್ದರು. ಅವರ ಮುಖ ನೋಡಿ ನನಗೆ ಏನೂ ಗೊತ್ತಾಗಲಿಲ್ಲ.

ಅಮೂಲ್ಯಾಳ ತಾಯಿ ಶ್ರೀರಂಜಿನಿ ಬಾಯಾರಿನವರು. ತಂದೆ ಗಣೇಶಪ್ರಸಾದ ಅಲ್ಲಿಯ ಒಂದು ಶಾಲೆಯಲ್ಲಿ ಅಧ್ಯಾಪಕರು. ಮಗುವಿಗೆ ಕಿಡ್ನಿಯ ಕಾಯಿಲೆ. ಮದ್ದಿನಿಂದ ಮುಖ ಊದಿಕೊಂಡಿದೆ. ಮೇ 30ರಂದು ವಾರ್ಡಿನಿಂದ ಬಿಟ್ಟರೂ, ಸೋಮವಾರ ಪುನಃ ಪರೀಕ್ಷೆ ಇದ್ದುದರಿಂದ ತಾಯಿ ಮಗಳು ಜೊತೆಮನೆಯಲ್ಲಿ ಉಳಿದಿದ್ದರು. ಮಗುವನ್ನು ಜನ ಸೇರುವಲ್ಲಿಗೆ ಒಯ್ಯಬಾರದು, ಸಣ್ಣ ಜ್ವರವೂ ತಾಗಬಾರದು ಎಂದು ವೈದ್ಯರು ಹೇಳಿದ್ದನ್ನು ಶ್ರೀರಂಜಿನಿಯವರೇ ಮನೆಯಲ್ಲಿ ಎಲ್ಲರಿಗೂ ತಿಳಿಸಿದ್ದರು. ಪ್ರೇಮಾವತಿಯವರಿಗೂ ಅದು ಗೊತ್ತಿತ್ತು. ಇದನ್ನು ನಾನು ಮರೆಮಾಚುವುದಿಲ್ಲ.

ಜೂನ್ 2ರಂದು ಶಾಲೆಗಳ ಪ್ರವೇಶೋತ್ಸವ, ಅಂದರೆ ಹೊಸ ಮಕ್ಕಳನ್ನು ಬರಮಾಡಿಕೊಳ್ಳುವ ದಿನ ಇತ್ತು. ಬೆಳಿಗ್ಗೆಯಿಂದಲೇ ನಮ್ಮ ಗೇಟಿನ ಮುಂದೆ ಹೊಸ ಬ್ಯಾಗು, ಹೊಸ ಕೊಡೆ ಹಿಡಿದ ಮಕ್ಕಳು ಹೋಗುತ್ತಿದ್ದರು. ಅಮೂಲ್ಯಾಳನ್ನು ತಂದೆಯ ಶಾಲೆಯಲ್ಲೇ ಒಂದನೇ ತರಗತಿಗೆ ಸೇರಿಸಿಯಾಗಿದೆ. ವೈದ್ಯರು ಹೇಳುವವರೆಗೆ ಕಳುಹಿಸುವಂತಿಲ್ಲ. ಮಗು ಮೆಟ್ಟಿಲಲ್ಲಿ ಕುಳಿತು ಅಳುತ್ತಿತ್ತು. ಪ್ರೇಮಾವತಿ ಹಿಂದೆ ಕುಳಿತು ಅದಕ್ಕೆ ಜಡೆ ಹಾಕುತ್ತಿದ್ದರು. ನನಗೆ ಬ್ಯಾಗ್ ಉಂಟು, ಕೊಡೆ ಉಂಟು, ಶಾಲೆ ಮಾತ್ರ ಇಲ್ಲ ಎಂದು ಮಗು ಹೇಳಿತು. ಶಾಲೆ ಎಂತ ಓಡಿ ಹೋಗ್ತದಾ, ತಲೆ ಅಲ್ಲಾಡಿಸಬೇಡ ಎಂದು ಪ್ರೇಮಾವತಿ ಹೇಳಿದರು.

ಎಂಟೂಮುಕ್ಕಾಲಿಗೆ ಶ್ರೀರಂಜಿನಿ ಲ್ಯಾಬಿಗೆ ಮಗುವಿನ ಮೂತ್ರದ ಸ್ಯಾಂಪಲ್ ಕೊಟ್ಟು ಡಾಕ್ಟರರ ಟೋಕನ್ ತೆಗೆಯಲು ಆಸ್ಪತ್ರೆಗೆ ಹೊರಟರು. ಜ್ವರದವರ ಸಾಲಿನಲ್ಲಿ ಮಗುವನ್ನು ನಿಲ್ಲಿಸುವುದು ಬೇಡವೆಂದು ಬಿಟ್ಟು ಹೋದರು. ಹೋಗುವಾಗ ಅವರು, ಪ್ರೇಮಕ್ಕ, ನಾನು ಬರುವವರೆಗೆ ಇವಳನ್ನು ಒಮ್ಮೆ ನೋಡಿಕೊಳ್ಳಿ, ಹಠ ಮಾಡಿದರೆ ಗೇಟಿನವರೆಗೆ ಕರಕೊಂಡು ಹೋಗಿ ಆ ಮಕ್ಕಳನ್ನು ತೋರಿಸಿ, ಸಾಕು ಎಂದರು. ನಾನು ಅಡುಗೆಮನೆಯ ಕಿಟಿಕಿಯ ಬಳಿ ಅಲಸಂಡೆ ಮುರಿಯುತ್ತಿದ್ದೆ. ಮಾತು ಸರಿಯಾಗಿ ಕೇಳಿಸಿದೆ. ಆಯಿತು, ನೀವು ಹೋಗಿ ಬನ್ನಿ ಎಂದು ಪ್ರೇಮಾವತಿ ಹೇಳಿದ್ದೂ ಕೇಳಿಸಿದೆ.

ಸ್ವಲ್ಪ ಹೊತ್ತಿನ ಮೇಲೆ ಗೇಟು ತೆರೆದ ಸದ್ದಾಯಿತು. ತಲೆ ಎತ್ತಿ ನೋಡಲಿಲ್ಲ.

ಹತ್ತೂಕಾಲಿಗೆ ಶ್ರೀರಂಜಿನಿ ಮರಳಿದಾಗ ಮಗುವೂ ಇಲ್ಲ, ಪ್ರೇಮಾವತಿಯೂ ಇಲ್ಲ, ಮಗುವಿನ ಬ್ಯಾಗೂ ಇಲ್ಲ. ಕೋಣೆ, ಮಹಡಿ, ಬಾವಿಕಟ್ಟೆ ಎಲ್ಲ ನೋಡಿದೆವು. ಭುಜಂಗ ರಸ್ತೆಗೆ ಓಡಿದರು. ಆಟೋ ಸ್ಟ್ಯಾಂಡಿನ ಚಾಲಕರೊಬ್ಬರು, ಅಮ್ಮನೂ ಮಗಳೂ ಶಾಲೆಯ ಕಡೆಗೆ ಹೋದರಲ್ಲ, ಆಟೋದಲ್ಲಿ ಬಿಡಬೇಕಾ ಎಂದು ನಾನು ಕೇಳಿದ್ದಕ್ಕೆ ಇವತ್ತು ನಡೆದುಕೊಂಡೇ ಹೋಗಬೇಕು ಅಂದಳು ಸಣ್ಣವಳು ಎಂದು ಹೇಳಿದರು.

ಶಾಲೆ ನಮ್ಮಲ್ಲಿಂದ ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಶ್ರೀರಂಜಿನಿಯೂ ನಾನೂ ಅಲ್ಲಿಗೆ ಹೋದೆವು. ಅಂಗಳದಲ್ಲಿ ಬಲೂನು ಕಟ್ಟಿದ್ದರು, ಮೈಕಿನಲ್ಲಿ ಹಾಡು ಹಾಕಿದ್ದರು, ಪಾಯಸ ಹಂಚುತ್ತಿದ್ದರು. ಕನ್ನಡ ವಿಭಾಗದ ಒಂದನೇ ತರಗತಿಯಲ್ಲಿ ಅಮೂಲ್ಯಾ ಕಾಗದದ ಕಿರೀಟ ಇಟ್ಟುಕೊಂಡು ಬೇರೆ ಮಕ್ಕಳ ನಡುವೆ ಬೆಂಚಿನಲ್ಲಿ ಕುಳಿತಿದ್ದಳು. ಪ್ರೇಮಾವತಿ ಹೊರಗೆ ಜಗಲಿಯಲ್ಲಿ ತಾಯಂದಿರ ಸಾಲಿನಲ್ಲಿ ನಿಂತಿದ್ದರು. ಅವರ ಬೆನ್ನು ನಮ್ಮ ಕಡೆಗಿತ್ತು. ಪಕ್ಕದಲ್ಲಿದ್ದ ಹೆಂಗಸೊಬ್ಬರು, ನಿಮ್ಮದು ಯಾವುದು ಎಂದು ಕೇಳಿದರು. ಆ ದಪ್ಪ ಕೆನ್ನೆಯದ್ದು, ಮದ್ದಿನಿಂದ ಹಾಗಾದ್ದು, ಇನ್ನು ಇಳೀತದೆ ಎಂದು ಪ್ರೇಮಾವತಿ ಹೇಳಿದರು.

ಶ್ರೀರಂಜಿನಿ ತರಗತಿಯೊಳಗೆ ಹೋಗಿ ಮಗುವನ್ನು ಎತ್ತಿಕೊಂಡರು. ಪ್ರೇಮಾವತಿ ತಪ್ಪಿಸಿಕೊಳ್ಳಲು ನೋಡಲಿಲ್ಲ. ಬೆಂಚಿನ ಕೆಳಗಿದ್ದ ಬ್ಯಾಗನ್ನೂ ಕೊಡೆಯನ್ನೂ ತೆಗೆದುಕೊಂಡು ನಮ್ಮ ಹಿಂದೆ ಬಂದರು. ತರಗತಿಯ ಟೀಚರ್ ನನ್ನನ್ನು ಕರೆದು, ಮಗುವಿನ ಹೆಸರು ಕೇಳಿದಾಗ ಇವರು ಯಶ್ಮಿತಾ ಎಂದರು, ಮಗುವೋ, ಅಲ್ಲ ಟೀಚರ್, ನಾನು ಅಮೂಲ್ಯಾ ಎಂದು ಹೇಳಿತು, ಅಮ್ಮ ತಮಾಷೆ ಮಾಡುತ್ತಿದ್ದಾರೆಂದು ತಿಳಿದು ನಾನೂ ನಕ್ಕುಬಿಟ್ಟೆ ಎಂದು ತಿಳಿಸಿದರು.

ಮರಳುವ ದಾರಿಯಲ್ಲಿ ಮಗು ತಾಯಿಯ ಹೆಗಲ ಮೇಲಿಂದ, ಬೈಯಬೇಡ ಅಮ್ಮ, ಪ್ರೇಮಕ್ಕನ ಮಗಳಿಗೂ ಇವತ್ತೇ ಶಾಲೆ ಇತ್ತು, ಅವಳು ತೀರಿಹೋದಳಲ್ಲ, ಅದಕ್ಕೆ ನಾವು ಹೋದದ್ದು ಎಂದು ಹೇಳಿತು. ಶ್ರೀರಂಜಿನಿ ನಿಂತರು. ನಾನೂ ನಿಂತೆ. ನಿನಗೆ ಯಾರು ಹೇಳಿದ್ದು ಎಂದು ನಾನು ಮಗುವನ್ನು ಕೇಳಿದೆ. ನಿಮ್ಮ ಮಗು ಎಲ್ಲಿ ಅಂತ ನಾನು ಕೇಳಿದೆ, ಪ್ರೇಮಕ್ಕ ಹೇಳಿದರು ಎಂದು ಮಗು ಹೇಳಿತು. ಪ್ರೇಮಾವತಿ ನಮ್ಮಿಂದ ಸುಮಾರು ಹತ್ತು ಅಡಿ ಹಿಂದೆ ಕೊಡೆ ಹಿಡಿದು ನಿಂತಿದ್ದರು. ಅವರಿಗೆ ಈ ಮಾತು ಕೇಳಿಸಿತೋ ಇಲ್ಲವೋ ಹೇಳಲಾರೆ.

ಜೊತೆಮನೆಗೆ ತಲುಪಿದ ಕೂಡಲೇ ನಾನು ಕೂಸಪ್ಪನವರಿಗೆ ಫೋನ್ ಮಾಡಿದೆ. ಮಗು ಮೇ 11ರಂದು ಮಂಗಳೂರಿನಲ್ಲಿ ತೀರಿಕೊಂಡಿತೆಂದು ಅವರು ತಿಳಿಸಿದರು. ಎಂತ ಅಕ್ಕ, ನಿಮಗೆ ಗೊತ್ತಿಲ್ಲವಾ, ಮನೆಯಲ್ಲಿ ಕೂತರೆ ಆಗುವುದಿಲ್ಲ, ಜೊತೆಮನೆಯ ಅಡುಗೆಗೆ ಸೇರುತ್ತೇನೆ ಅಂತ ಹೇಳಿ ಬಂದಳು, ನೀವೆಲ್ಲ ಗೊತ್ತಿದ್ದೇ ಇಟ್ಟುಕೊಂಡಿದ್ದೀರಿ ಅಂತ ನಾನು ಇಷ್ಟು ದಿನ ಸಮಾಧಾನದಲ್ಲಿದ್ದೆ ಎಂದರು. ಬನ್ನಿ ಎಂದು ಮಾತ್ರ ಹೇಳಿದೆ.

ಒಂದೂವರೆಗೆ ಗಣೇಶಪ್ರಸಾದರು ತಮ್ಮ ಶಾಲೆಯ ಪ್ರವೇಶೋತ್ಸವ ಮುಗಿಸಿ ಬಂದರು. ನಡೆದದ್ದನ್ನು ತಿಳಿದು, ಊರ ಮಕ್ಕಳನ್ನೆಲ್ಲ ಹೂ ಕೊಟ್ಟು ಒಳಗೆ ಕರೆದು ಬಂದವ ನಾನು, ನನ್ನ ಮಗಳನ್ನು ಮನೆಯಲ್ಲಿ ಕೂರಿಸಿದ್ದು ಇದಕ್ಕಾ ಎಂದು ಕೇಳಿದರು. ಅವರು ಪ್ರೇಮಾವತಿಯವರನ್ನು ಬೈಯಲಿಲ್ಲ, ನೋಡಲೂ ಇಲ್ಲ. ಸಂಜೆ ನಾಲ್ಕರ ಹೊತ್ತಿಗೆ ಮಗುವಿಗೆ ಜ್ವರ ಕಾಣಿಸಿತು. ಪುನಃ ದಾಖಲು ಮಾಡಿದರು. ಜ್ವರ ಶಾಲೆಯಿಂದಲೇ ಬಂತೆಂದು ಹೇಳಲಾಗದು, ಬಂದಿರಲಾರದೆಂದೂ ಹೇಳಲಾಗದು ಎಂದು ವೈದ್ಯರು ಹೇಳಿದರು. ಆಮೇಲೆ ಗಣೇಶಪ್ರಸಾದರು ಠಾಣೆಗೆ ಬಂದು ದೂರು ಕೊಟ್ಟರು. ಆ ತಂದೆಯ ಜಾಗದಲ್ಲಿ ನಾನಿದ್ದರೂ ಕೊಡುತ್ತಿದ್ದೆನೋ ಏನೋ.

ದೂರು ಕೊಡಲು ಅವರು ಹೋದ ಹೊತ್ತಿನಲ್ಲಿ ಶ್ರೀರಂಜಿನಿ ವಾರ್ಡಿನ ಹೊರಗೆ ನನ್ನ ಕೈ ಹಿಡಿದು, ನೋಡಿಕೊಳ್ಳಿ ಅಂತ ನಾನೇ ಹೇಳಿ ಹೋದದ್ದು ಇವರಿಗೆ ಗೊತ್ತಿಲ್ಲ, ಹೇಳಬೇಡಿ ಅಕ್ಕ, ಮಗಳನ್ನು ಬಿಟ್ಟು ಹೋದೆ ಅಂತ ಜನ್ಮ ಇಡೀ ಹೇಳ್ತಾರೆ ಎಂದರು. ಕೇಳಿದರೆ ಹೇಳಬೇಕಾಗುತ್ತದೆ ಎಂದೆ. ಅವರು ಕೈ ಬಿಟ್ಟರು. ಈಗ ಠಾಣೆಯಲ್ಲಿ ಕೇಳಿದ್ದಾರೆ. ಆದ್ದರಿಂದ ಬರೆಯುತ್ತೇನೆ: ತಾಯಿ ಮಗುವನ್ನು ಪ್ರೇಮಾವತಿಯವರ ವಶಕ್ಕೆ ಒಪ್ಪಿಸಿ ಹೋದದ್ದು ನಿಜ. ಗೇಟಿನವರೆಗೆ ಎಂದು ಹೇಳಿದ್ದೂ ನಿಜ. ಪ್ರೇಮಾವತಿ ಗೇಟು ದಾಟಿದ್ದೂ ನಿಜ. ಮಗುವಿಗೆ ಕೇಡು ಬಗೆಯುವ ಉದ್ದೇಶ ಅವರಿಗಿತ್ತೆಂದು ನನಗೆ ತೋರಿಲ್ಲ.

ಕೂಸಪ್ಪನವರು ಆರು ಗಂಟೆಗೆ ಬಂದು ಹೆಂಡತಿಯನ್ನು ಪೈವಳಿಕೆಗೆ ಕರೆದುಕೊಂಡು ಹೋದರು. ಹೊರಡುವ ಮೊದಲು ಪ್ರೇಮಾವತಿ ಅಡುಗೆಮನೆಗೆ ಬಂದು, ಉದ್ದು ನೆನೆಹಾಕಿದ್ದೇನೆ, ಭುಜಂಗಣ್ಣ ಮರೆತಾರು, ರುಬ್ಬಲು ಹೇಳಿ ಅಕ್ಕ ಎಂದರು. ಹೇಳುತ್ತೇನೆ ಎಂದೆ. ಅಷ್ಟು ಹೊತ್ತಿಗೆ ನನಗೆ ಎಲ್ಲ ಗೊತ್ತಿತ್ತು. ಆಗಲೂ ನಾನು ಮಗುವಿನ ಮಾತು ಎತ್ತಲಿಲ್ಲ.

ಇಂದು ಬೆಳಿಗ್ಗೆ ಟ್ರಸ್ಟಿನ ಕಾರ್ಯದರ್ಶಿ ಹರಿನಾಥರು ಬಂದು, ಸಂಸ್ಥೆಯ ಹೆಸರು ಹಾಳಾಗ್ತದೆ ಅಕ್ಕ, ಪ್ರೇಮಾವತಿ ಮಗು ತೀರಿದ ವಿಷಯ ಮುಚ್ಚಿಟ್ಟು ನಮ್ಮಲ್ಲಿ ಉಳಿದರು ಅಂತ ಒಂದು ಗೆರೆ ಬರೆಯಿರಿ, ಸಾಕು ಎಂದರು. ಅವರು ಮುಚ್ಚಿಟ್ಟರು ಎನ್ನಬೇಕಾದರೆ ನಾವು ಕೇಳಿರಬೇಕಲ್ಲ ಎಂದೆ. ನಿಮ್ಮದು ಯಾವಾಗಲೂ ಹೀಗೆಯೇ ಎಂದು ಹೇಳಿ ಅವರು ಹೋದರು. ಆ ಗೆರೆಯನ್ನು ನಾನು ಬರೆದಿಲ್ಲ. ಪ್ರೇಮಾವತಿಯವರು ಹದಿನೈದು ದಿನ ನಮ್ಮ ಮನೆಯಲ್ಲಿ ಉಂಡು ಮಲಗಿ ಎದ್ದಿದ್ದಾರೆ. ಆ ದಿನಗಳಲ್ಲಿ ಅವರು ನಮಗೆ ಸುಳ್ಳು ಹೇಳಿಲ್ಲ. ಕೇಳಿದ ಒಬ್ಬಳಿಗೆ ನಿಜವನ್ನೇ ಹೇಳಿದ್ದಾರೆ.

ಅಮೂಲ್ಯಾಳ ಜ್ವರ ಇಂದು ಮಧ್ಯಾಹ್ನದವರೆಗೆ ಇಳಿದಿಲ್ಲ.

ಪ್ರೇಮಾವತಿಯವರನ್ನು ನಾಳೆ ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಗಂಡನೊಂದಿಗೆ ಠಾಣೆಗೆ ಬರಹೇಳಿದ್ದಾರೆಂದು ತಿಳಿಯಿತು. ನಾನು ಬೆಳಗ್ಗಿನ ಬಸ್ಸಿಗೆ ಪೈವಳಿಕೆಗೆ ಹೋಗಿ ಅವರ ಜೊತೆಯಲ್ಲೇ ಇಲ್ಲಿಗೆ ಬರುವುದೆಂದು ತೀರ್ಮಾನಿಸಿದ್ದೇನೆ. ಈ ವಿಷಯ ಅವರಿಗೆ ಇನ್ನೂ ತಿಳಿಸಿಲ್ಲ. ಮರಳಿ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತು, ಯಶ್ಮಿತಾಳಿಗೆ ಮಂಗಳೂರಿನಲ್ಲಿ ಎಂತ ಆಯಿತು ಎಂದು ಅವರನ್ನು ಕೇಳುವೆನು.

ಇಷ್ಟು ನಾನು ಯಾರ ಒತ್ತಾಯವೂ ಇಲ್ಲದೆ ನನ್ನ ಕೈಯಿಂದಲೇ ಬರೆದದ್ದು. ಬರೆದ ಮೇಲೆ ಎರಡು ಸಲ ಓದಿದ್ದೇನೆ. ಇದರಲ್ಲಿ ನನಗೆ ತಿಳಿದಂತೆ ಸುಳ್ಳಿಲ್ಲ.

ಸ್ಥಳ: ಕಾಸರಗೋಡು
ದಿನಾಂಕ: 03-06-2025

(ಸಹಿ)
ಈಶ್ವರಿ