ಸುಮ್ನೆ ತುಟಿ ಆಡಿಸು

ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ಕಿವಿ ಮಾತ್ರ ಸೈಕಲ್ ತಂದಿದ್ದ ಇಬ್ಬರು ಹೈಸ್ಕೂಲ್ ಹುಡುಗಿಯರ ಕಡೆಗೇ ಇತ್ತು.

“ನಾಳೆನೂ ಪ್ರಾರ್ಥನೆ ಹೇಳ್ದಿದ್ರೆ ಹೆಡ್‌ಮಾಸ್ಟ್ರು ಟಿ.ಸಿ. ಕೊಟ್ಟು ಕಳಿಸ್ತಾರಂತೆ ಕಣೇ,” ಎಂದಳು ಕನ್ನಡಕದವಳು.

“ಕೊಡ್ಲಿ. ದೇವರಿದ್ದಾನೆ ಅಂತ ನನಗೆ ಅನಿಸ್ತಿಲ್ಲ,” ಎಂದಳು ಉದ್ದ ಜಡೆಯವಳು.

“ಅನಿಸೋದು ಯಾರಿಗೆ ಬೇಕು ಮಾರಾಯ್ತಿ? ಸುಮ್ನೆ ತುಟಿ ಆಡಿಸು.”

“ಅವನಿದ್ರೆ ನನ್ನ ನಾಟಕ ಅವನಿಗೆ ಗೊತ್ತಾಗಲ್ವಾ? ಇಲ್ದಿದ್ರೆ ಯಾರಿಗೋಸ್ಕರ ಆಡಿಸ್ಲಿ?”

“ಹೆಡ್‌ಮಾಸ್ಟ್ರಿಗೋಸ್ಕರ.”

“ಹಾಗಾದ್ರೆ ಅವರ ಫೋಟೋನೇ ಇಟ್ಟು ಕೈ ಮುಗಿಸ್ಲಿ!”

ಅಂಗಡಿಯವನು ನಗು ನುಂಗಿಕೊಂಡ. ಏಳನೇ ಕ್ಲಾಸಿನಲ್ಲಿ ಇಂಥದೇ ಮಾತಿಗೆ ಬೆತ್ತದೇಟು ತಿಂದು ಶಾಲೆಗೆ ಬೆನ್ನು ಹಾಕಿದವನು ಅವನು.

ಅವನು ತೇಪೆ ಹಚ್ಚಿ, ಟ್ಯೂಬ್ ಒಳಗೆ ಸೇರಿಸಿ ಗಾಳಿ ಹಾಕತೊಡಗಿದಾಗ ಕನ್ನಡಕದವಳು ಗೆಳತಿಯ ಕಡೆ ತಿರುಗಿದಳು. “ನಾನಂತೂ ದೇವರನ್ನ ನಂಬ್ತೀನಿ ಕಣೇ. ಅವನ ಮುಂದೆ ನಿನ್ನ ಕೈಲಿ ಸುಳ್ಳು ಹೇಳಿಸೋದು ನನಗೂ ಸರಿ ಕಾಣ್ತಿಲ್ಲ. ನಾಳೆ ನಿನ್ನ ಪಕ್ಕದಲ್ಲೇ ನಿಲ್ತೀನಿ. ನಾನು ಪ್ರಾರ್ಥನೆ ಹೇಳ್ತೀನಿ, ನೀನು ಬಾಯಿ ಬಿಡ್ಬೇಡ. ಟಿ.ಸಿ. ಕೊಟ್ರೆ ಇಬ್ಬರಿಗೂ ಕೊಡ್ಲಿ.”

“ನಿಮ್ಮಪ್ಪ ನಿನ್ನ ಚರ್ಮ ಸುಲೀತಾರೆ.”

“ಸುಲೀಲಿ. ಗಾಳಿ ಹಾಕಿದ್ದಾಯ್ತು, ಹತ್ತು.”

ಜಡೆಯವಳು ಹಿಂದೆ ಕೂತಳು. ಕನ್ನಡಕದವಳು ಎದ್ದು ನಿಂತು ಪೆಡಲ್ ತುಳಿದಳು.